ಅಳದೆ ಎಚ್ಚೆತ್ತ ಮಕ್ಕಳು

ಆಪರೇಷನ್ ಮಾಡಿದ ಡಾಕ್ಟರ ಹೆಸರು ಮನೆಮಂದಿಗೆಲ್ಲ ನೆನಪಿರುತ್ತದೆ. ಅರಿವಳಿಕೆ ಕೊಟ್ಟವರ ಮುಖ ಕೂಡ ಯಾರಿಗೂ ನೆನಪಿರುವುದಿಲ್ಲ. ಪುಣೆಯಲ್ಲಿ ನಮ್ಮನ್ನು ಮರಾಠಿಯಲ್ಲಿ ‘ಭೂಲ್ ದೇಣಾರ್‍ಯಾ ಬಾಯಿ’ ಅನ್ನುತ್ತಾರೆ, ಭೂಲ್ ಅಂದರೆ ಅರಿವಳಿಕೆ, ಬಾಯಿ ಅಂದರೆ ಹೆಂಗಸು. ಇಪ್ಪತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಭೂಲ್ ಕೊಡುವ ಬಾಯಿಯಾಗಿಯೇ ದುಡಿದೆ. ಹೆಸರು ಬರಲಿಲ್ಲವೆಂದು ಕೊರಗಿದವಳಲ್ಲ. ಆದರೆ ನಮ್ಮ ಆಸ್ಪತ್ರೆಯಲ್ಲಿ ಒಂದು ಕೆಲಸವನ್ನು ನಾನು ಶುರುಮಾಡಿದೆ, ಬಿಡದೆ ನಡೆಸಿದೆ. ಅದರ ಬಗ್ಗೆ ನನಗೆ ಹೆಮ್ಮೆಯಿದೆ, ಹಾಗೆಂದು ಬರೆಯಲು ಸಂಕೋಚವೂ ಇಲ್ಲ.

ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದದ್ದು ತೊಂಬತ್ತರ ದಶಕದ ಆರಂಭದಲ್ಲಿ. ಹುಬ್ಬಳ್ಳಿಯಲ್ಲಿ ಅರಿವಳಿಕೆಯ ಓದು ಮುಗಿದಿತ್ತು. ಹಳೆಯ ಪೇಟೆಯೊಂದರಲ್ಲಿದ್ದ ಧರ್ಮಾರ್ಥ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮಂಗಳವಾರ, ಶುಕ್ರವಾರ ಮಕ್ಕಳ ಆಪರೇಷನ್‌ಗಳು. ಅವನ್ನು ಮಾಡುತ್ತಿದ್ದ ಸರ್ಜನ್‌ಗೆ ಆಗ ಐವತ್ತೈದರ ಆಸುಪಾಸು. ಪುಣೆಯವರೇ. ಮಾತು ಕಡಿಮೆ, ಕೈ ಚುರುಕು. ಮಗುವಿನ ಹೊಟ್ಟೆಗೆ ಅವರು ಹೊಲಿಗೆ ಹಾಕುವುದನ್ನು ನೋಡಿದರೆ ಕಸೂತಿ ಹಾಕುವ ನನ್ನ ಅತ್ತೆಯ ನೆನಪಾಗುತ್ತಿತ್ತು, ಅಷ್ಟು ಅಚ್ಚುಕಟ್ಟು.

ಆಪರೇಷನ್ ಥಿಯೇಟರಿನಿಂದ ಹೊರಬಂದರೆ ಎಡಕ್ಕೆ ರಿಕವರಿ ಕೋಣೆ. ಆರು ಹಾಸಿಗೆ. ಅಲ್ಲಿ ಮಕ್ಕಳು ಎಚ್ಚರವಾಗುತ್ತಿದ್ದರು, ಎಚ್ಚರವಾದೊಡನೆ ಅಳುತ್ತಿದ್ದರು. ಸಾಮಾನ್ಯ ಅಳುವಲ್ಲ ಅದು. ಮೊದಲು ಚೀರಾಟ, ಆಮೇಲೆ ಗಂಟಲು ಸೋತು ಒಂದೇ ಸಮನೆ ಕುಂಯ್‌ಗುಡುವುದು. ಹೊಟ್ಟೆ ಕೊಯ್ದ ಮಗುವಿಗೆ ಅಳುವುದೂ ನೋವೇ, ಅಳುವಾಗ ಹೊಟ್ಟೆ ಬಿಗಿಯುತ್ತದಲ್ಲ. ಅಳಬಾರದೆಂದು ಉಸಿರು ಹಿಡಿದು, ತಡೆಯಲಾಗದೆ ಮತ್ತೆ ಅಳುತ್ತಿದ್ದವು. ನೋವಿನ ಇಂಜೆಕ್ಷನ್ ಕಾಗದದ ಮೇಲೆ ಬರೆದಿರುತ್ತಿತ್ತು, ಕೊಡಲು ಎಲ್ಲರಿಗೂ ಹೆದರಿಕೆ. ನಾನು ಬರುವ ಮೊದಲು ಒಂದು ಕೂಸಿಗೆ ಆ ಇಂಜೆಕ್ಷನ್ ಕೊಟ್ಟಾಗ ಉಸಿರು ನಿಧಾನವಾಗಿ, ಎಲ್ಲರೂ ಓಡಾಡಿ, ಕೂಸು ಹೇಗೋ ಉಳಿದಿತ್ತಂತೆ. ಅಂದಿನಿಂದ ಬಾಯಿಗೆ ಹಾಕುವ ಜ್ವರದ ಔಷಧಿಯೇ ಗತಿ.

ಆ ಕೋಣೆಯನ್ನೂ ಮಕ್ಕಳ ವಾರ್ಡನ್ನೂ ನೋಡಿಕೊಳ್ಳುತ್ತಿದ್ದವರು ಬೆಳಗಾವಿ ಕಡೆಯ ಸಿಸ್ಟರ್. ನನಗಿಂತ ಹತ್ತು ವರ್ಷ ದೊಡ್ಡವರು. ಕೇರಳದ ನರ್ಸ್‌ಗಳೂ ಮರಾಠಿ ಆಯಾಗಳೂ ಅವರ ಕಣ್ಸನ್ನೆಗೆ ನಡೆಯುತ್ತಿದ್ದರು. ನನ್ನ ಜೊತೆ ಮಾತ್ರ ಕನ್ನಡ.

“ಅಳತದ ಅಂದ್ರ ಜೀವ ಅದ ಅಂತ ತಿಳ್ಕೋರಿ ಡಾಕ್ಟರ,” ಎಂದಿದ್ದರು ಮೊದಲ ವಾರ. “ಅಳಲಾರದ ಕೂಸಿಗೇ ನಾ ಹೆದರಾಕಿ.”

ಅವರ ಮಾತು ತಪ್ಪೆಂದು ಆಗ ನನಗೂ ಅನಿಸಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕಾಯುತ್ತ ಕೂತ ತಾಯಂದಿರೂ ಹಾಗೇ ತಿಳಿದಿದ್ದರು. ಒಳಗಿನಿಂದ ಅಳು ಕೇಳಿದರೆ, ‘ಹಾಂ, ಮುಗೀತು, ಬದುಕಿದೆ’ ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ನನ್ನ ಮನಸ್ಸು ಬದಲಾದದ್ದು ಲೋಣಾವಳಾದ ಐದು ವರ್ಷದ ಹುಡುಗನಿಂದ. ತಂದೆ ಚಿಕ್ಕಿ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹುಡುಗನಿಗೆ ಹುಟ್ಟಿನಿಂದ ಕರುಳಿನ ದೋಷ. ಅಂಥದ್ದನ್ನು ಒಂದೇ ಸಲಕ್ಕೆ ಸರಿಮಾಡಲು ಬರುವುದಿಲ್ಲ. ಮೊದಲು ಕರುಳನ್ನು ಹೊಟ್ಟೆಯ ಪಕ್ಕಕ್ಕೆ ತೆರೆದು, ಕೆಲವು ತಿಂಗಳಾದ ಮೇಲೆ ಒಳಗಿನದನ್ನು ಸರಿಮಾಡಿ ಮುಚ್ಚಬೇಕು. ಮೊದಲ ಸಲ ಅವನು ನನ್ನ ಕೈಹಿಡಿದುಕೊಂಡೇ ಥಿಯೇಟರಿಗೆ ನಡೆದು ಬಂದಿದ್ದ. ‘ಗಾಳಿ ಊದು, ಬಲೂನು ದೊಡ್ಡದಾಗ್ತದ ನೋಡು’ ಎಂದು ಮರಾಠಿಯಲ್ಲಿ ಪುಸಲಾಯಿಸಿ ಮುಖಕ್ಕೆ ಮಾಸ್ಕ್ ಇಟ್ಟವಳು ನಾನು. ನಕ್ಕು ಊದಿದ್ದ.

ಆರು ತಿಂಗಳ ಮೇಲೆ ಮತ್ತೆ ಬಂದ. ಹಿಂದಿನ ದಿನ ಮಕ್ಕಳನ್ನು ನೋಡಿ ಬರುವುದು ನನ್ನ ರೂಢಿ. ವಾರ್ಡಿನ ಬಾಗಿಲಲ್ಲಿ ನಿಂತು ಮಾತಾಡಿದ್ದಷ್ಟೆ. ನನ್ನ ದನಿ ಕೇಳಿದವನೇ ಹಾಸಿಗೆಯಿಂದ ಜಿಗಿದು ಮಂಚದ ಕೆಳಗೆ ಸೇರಿಕೊಂಡ. ತಾಯಿ ಎಳೆದರೂ ಬರಲಿಲ್ಲ. ಗೋಡೆಗೆ ಬೆನ್ನು ಹಚ್ಚಿ, ನನ್ನ ಕಡೆ ಬೆರಳು ತೋರಿಸಿ, “ಹೀ ಬಾಯಿ ನಕೋ, ಹೀ ಬಾಯಿ ನಕೋ,” ಅಂದ. ಈ ಬಾಯಿ ಬೇಡ.

ಸರ್ಜನ್‌ಗೆ ಹೇಳಿದೆ. ಅವರು ಕೈತೊಳೆಯುತ್ತಲೇ ಮರಾಠಿಯಲ್ಲಿ, “ಮುಲಂ ವಿಸರತಾತ್, ಬಾಯಿ,” ಅಂದರು. ಮಕ್ಕಳು ಮರೆಯುತ್ತವೆ.

“ಇವನು ಮರೆತಿಲ್ಲ ಸರ್,” ಅಂದೆ.

ಒಂದು ಮಗುವಿಗೆ ನನ್ನ ದನಿ ಎಂದರೆ ನೋವು ಎಂದಾಗಿಬಿಟ್ಟಿತ್ತು. ನಿದ್ದೆ ಬರಿಸುವುದಷ್ಟೇ ನನ್ನ ಕೆಲಸ, ಎಚ್ಚರವಾದ ಮೇಲಿನದು ನನ್ನದಲ್ಲ ಎಂದು ನಂಬಿದ್ದೆ. ಆ ನಂಬಿಕೆ ಆವತ್ತಿಗೆ ಮುಗಿಯಿತು. ಮರುದಿನ ಅವನ ಆಪರೇಷನ್ ಮಾತ್ರ ಹಳೆಯ ರೀತಿಯಲ್ಲೇ ಆಯಿತು.

ಹುಬ್ಬಳ್ಳಿಯಲ್ಲಿ ಕಲಿಯುವಾಗ ನನ್ನ ಗುರುಗಳು ಒಂದು ವಿದ್ಯೆ ಕಲಿಸಿದ್ದರು. ಮಗುವಿಗೆ ನಿದ್ದೆ ಬರಿಸಿದ ಮೇಲೆ ಮಗ್ಗುಲಾಗಿ ಮಲಗಿಸಿ, ಬೆನ್ನೆಲುಬಿನ ತೀರ ಕೆಳಗೆ, ಬಾಲದೆಲುಬಿನ ಮೇಲುಗಡೆ ಇರುವ ಸಣ್ಣ ಸಂದಿಯಲ್ಲಿ ಸೂಜಿ ಹಾಕಿ ಮರಗಟ್ಟಿಸುವ ಔಷಧಿ ಬಿಡುವುದು. ಹೊಟ್ಟೆಯ ಕೆಳಭಾಗದಿಂದ ಬರುವ ನರಗಳೆಲ್ಲ ಕೆಲವು ಗಂಟೆ ಸುಮ್ಮನಾಗುತ್ತವೆ. ಹತ್ತು ಹನ್ನೆರಡು ಸಲ ಅವರ ಕಣ್ಣೆದುರು ಮಾಡಿದ್ದೆ. ಪುಣೆಗೆ ಬಂದ ಮೇಲೆ ಇಲ್ಲಿ ಯಾರೂ ಮಾಡುತ್ತಿರಲಿಲ್ಲವೆಂದು ನಾನೂ ಬಿಟ್ಟಿದ್ದೆ. ಆ ವಾರವೆಲ್ಲ ಹಳೆಯ ಟಿಪ್ಪಣಿ ತೆಗೆದು ಓದಿದೆ. ಮೆಡಿಕಲ್ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ಪುಟಗಟ್ಟಲೆ ಬರೆದುಕೊಂಡು ಬಂದೆ. ಮಗುವಿನ ತೂಕಕ್ಕೆ ಎಷ್ಟು ಔಷಧಿ, ಹೆಚ್ಚಾದರೆ ಏನಾಗುತ್ತದೆ, ಆಗ ಏನು ಮಾಡಬೇಕು, ಎಲ್ಲವನ್ನೂ ಬಾಯಿಪಾಠ ಮಾಡಿದೆ.

ಮುಂದಿನ ಮಂಗಳವಾರ ಸರ್ಜನ್ ಎದುರು ನಿಂತು, “ಸರ್, ಪ್ರತಿ ಮಗುವಿಗೂ ನನಗೆ ಐದು ನಿಮಿಷ ಹೆಚ್ಚು ಬೇಕು,” ಅಂದೆ.

ಯಾಕೆಂದು ಕೇಳಿದರು. ಹೇಳಿದೆ. ಗೋಡೆಯ ಗಡಿಯಾರ ತೋರಿಸಿ, “ಐದು ಅಂದರೆ ಐದು. ಆರನೆಯದಕ್ಕೆ ನಾನು ಚಾಕು ಹಿಡಿಯುತ್ತೇನೆ,” ಅಂದರು.

ಮೊದಲ ಮಗು ಎರಡು ವರ್ಷದ ಗಂಡುಕೂಸು, ತೊಡೆಸಂದಿನ ಹರ್ನಿಯಾ. ನಾಲ್ಕು ನಿಮಿಷ ಹಿಡಿಯಿತು. ಸರ್ಜನ್ ಚರ್ಮ ಕೊಯ್ದಾಗ ನನ್ನ ಬೆರಳು ಮಗುವಿನ ನಾಡಿಯ ಮೇಲಿತ್ತು. ಕೊಯ್ದ ಕ್ಷಣ ನಾಡಿ ಜಿಗಿಯುವುದು ನನಗೆ ರೂಢಿಯಾಗಿತ್ತು. ಈ ಸಲ ಜಿಗಿಯಲಿಲ್ಲ. ಮುಂಚೆ ಹೇಗೆ ಬಡಿಯುತ್ತಿತ್ತೋ ಹಾಗೇ ಬಡಿಯುತ್ತಿತ್ತು. ಮಾಸ್ಕಿನ ಹಿಂದೆ ನಾನು ನಕ್ಕದ್ದು ಯಾರಿಗೂ ಕಾಣಲಿಲ್ಲ.

ರಿಕವರಿ ಕೋಣೆಯಲ್ಲಿ ಕೂಸು ಕಣ್ಣು ತೆರೆಯಿತು. ಸುತ್ತ ನೋಡಿತು. “ಪಾಣಿ,” ಅಂತು. ಸಿಸ್ಟರ್ ಹತ್ತಿಯಿಂದ ತುಟಿ ಒದ್ದೆ ಮಾಡಿದರು. ಅದು ತುಟಿ ಚೀಪಿ, ಹೆಬ್ಬೆರಳು ಬಾಯಲ್ಲಿಟ್ಟುಕೊಂಡು ಮತ್ತೆ ಮಲಗಿತು.

ಹೊರಗೆ ಗದ್ದಲವಾಯಿತು. ಆಪರೇಷನ್ ಮುಗಿಯಿತೆಂದು ಆಯಾ ಹೇಳಿದ್ದಳು. ಹತ್ತು ನಿಮಿಷವಾದರೂ ಅಳು ಕೇಳಿಸಲಿಲ್ಲ. ತಾಯಿ ಬಾಗಿಲು ದೂಡಿಕೊಂಡು ಒಳಗೇ ಬಂದುಬಿಟ್ಟಳು. “ಕಾ ರಡತ್ ನಾಹೀ? ಮಾಝ ಬಾಳ ಕಾ ರಡತ್ ನಾಹೀ?” ನನ್ನ ಕೂಸು ಯಾಕೆ ಅಳುತ್ತಿಲ್ಲ ಎಂದು ಅವಳೇ ಅಳತೊಡಗಿದಳು. ಅವಳ ಕೈಯನ್ನು ಮಗುವಿನ ಎದೆಯ ಮೇಲಿಟ್ಟೆ. ಏರಿಳಿಯುವುದು ಅಂಗೈಗೆ ತಾಗಿದ ಮೇಲೆಯೇ ಸುಮ್ಮನಾದಳು. ಅಂದಿನಿಂದ ಆಪರೇಷನ್ನಿನ ಮೊದಲೇ ಮೆಟ್ಟಿಲ ಹತ್ತಿರ ಹೋಗಿ, ‘ಮಗು ಅಳದಿದ್ದರೆ ಹೆದರಬೇಡಿ’ ಎಂದು ಹೇಳಿ ಬರುವುದು ನನ್ನ ಕೆಲಸದಲ್ಲಿ ಸೇರಿತು.

ಎಲ್ಲವೂ ಹೂವು ಎತ್ತಿದ ಹಾಗೆ ನಡೆಯಿತು ಎಂದೇನಲ್ಲ. ಎರಡನೆಯ ತಿಂಗಳಲ್ಲೇ ಒಂದು ಮಗುವಿಗೆ ನನ್ನ ಸೂಜಿ ಸರಿಯಾದ ಜಾಗಕ್ಕೆ ಬೀಳಲಿಲ್ಲ. ಬಿದ್ದಿದೆ ಎಂದುಕೊಂಡಿದ್ದೆ. ಮಗು ಎದ್ದು ಚೀರಿದಾಗಲೇ ಗೊತ್ತಾಯಿತು. ಸರ್ಜನ್ ರಿಕವರಿ ಕೋಣೆಯ ಬಾಗಿಲಲ್ಲಿ ಬಂದು ನಿಂತು ನೋಡಿ ಹೋದರು. ಬಯ್ದಿದ್ದರೆ ಚೆನ್ನಾಗಿತ್ತು. ನೋವಿನ ಇಂಜೆಕ್ಷನ್ನನ್ನು ತೀರ ಸಣ್ಣ ಸಣ್ಣ ಪ್ರಮಾಣದಲ್ಲಿ ಕೊಡುತ್ತ, ಪ್ರತಿ ಉಸಿರು ಎಣಿಸುತ್ತ ಆ ಮಗುವಿನ ಪಕ್ಕ ಮೂರು ತಾಸು ಕೂತೆ. ತಾಯಿಗೆ, ‘ನನ್ನ ಸೂಜಿ ಕೆಲಸ ಮಾಡಲಿಲ್ಲ, ಅದಕ್ಕೇ ಅಳು’ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಆಕೆ ಬಯ್ಯಲಿಲ್ಲ, ತನ್ನ ಡಬ್ಬಿಯಿಂದ ಎರಡು ಚಪಾತಿ ತೆಗೆದು ನನಗೆ ಕೊಟ್ಟಳು.

ಇದಾಗಿ ವರ್ಷದ ಮೇಲೆ ಬಂದಳು ಮಾರ್ಕೆಟ್ ಯಾರ್ಡಿನ ಹುಡುಗಿ.

ತಂದೆ ಅಲ್ಲಿ ಉಳ್ಳಾಗಡ್ಡಿಯ ಚೀಲ ಹೊರುವ ಹಮಾಲ. ವಿಜಯಪುರದ ಕಡೆಯವನು. ತಾಯಿ ಮೂರನೆಯ ಹೆರಿಗೆಗೆ ತವರಿಗೆ ಹೋಗಿದ್ದಳು, ಹುಡುಗಿಯ ಜೊತೆ ಬಂದವಳು ಅಜ್ಜಿ. ಹುಡುಗಿಗೆ ನಾಲ್ಕೂವರೆ ವರ್ಷ. ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ಜಂತಿನ ಔಷಧಿ ಕುಡಿಸಿ ಕುಡಿಸಿ ಸೋತು ಕರೆತಂದಿದ್ದರು. ಒಳಗೆ ತೆಂಗಿನಕಾಯಿಗಿಂತ ದೊಡ್ಡ ನೀರಿನ ಗಡ್ಡೆ. ಕೆಟ್ಟದ್ದಲ್ಲ, ತೆಗೆದರೆ ಹುಡುಗಿ ಚೆನ್ನಾಗಿರುತ್ತಾಳೆ. ಆದರೆ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯಬೇಕು.

ನನ್ನ ಒಂದು ಸೂಜಿಯ ಔಷಧಿ ನಾಲ್ಕೈದು ಗಂಟೆ ಬಂದೀತು. ಇಷ್ಟು ದೊಡ್ಡ ಗಾಯಕ್ಕೆ ಮೊದಲ ಎರಡು ದಿನವೂ ನೋವು. ಅದಕ್ಕಿದ್ದ ದಾರಿ, ಬೆನ್ನೆಲುಬುಗಳ ನಡುವಿನಿಂದ ನೂಲಿನಷ್ಟು ತೆಳ್ಳಗಿನ ಕೊಳವೆಯೊಂದನ್ನು ನರಗಳ ಹೊರಗಿನ ಜಾಗದವರೆಗೆ ಸೇರಿಸಿ, ಅಲ್ಲೇ ಬಿಟ್ಟು, ಅದರಲ್ಲಿ ತೆಳುವಾದ ಔಷಧಿಯನ್ನು ಆಗಾಗ ಕೊಡುವುದು. ದೊಡ್ಡವರಿಗೆ ಮಾಡಿ ಕೈ ಪಳಗಿತ್ತು. ಇಷ್ಟು ಸಣ್ಣ ಮಗುವಿಗೆ ನಮ್ಮಲ್ಲಿ ಯಾರೂ ಮಾಡಿರಲಿಲ್ಲ. ಮಕ್ಕಳ ಅಳತೆಯ ಸೂಜಿ ಪುಣೆಯಲ್ಲಿ ಹುಡುಕಿ ಸಿಗದೆ ಮುಂಬೈಯಿಂದ ತರಿಸಿದೆ.

ಮೊದಲು ಒಪ್ಪಬೇಕಾದವರು ಸಿಸ್ಟರ್. ಕೊಳವೆ ಇಟ್ಟುಕೊಂಡ ಮಗು ಇರುವುದು ಅವರ ವಾರ್ಡಿನಲ್ಲಿ.

“ಬ್ಯಾಡ್ರಿ ಡಾಕ್ಟರ,” ಅಂದರು ನೇರವಾಗಿ. “ನೀವು ಔಷಧ ಹಾಕಿ ಮನೀಗೆ ಹೋಗ್ತೀರಿ. ಉಸರ ನಿಂತ್ರ ನಾ ಏನ್ ಮಾಡ್ಲಿ? ಆ ಕೂಸಿಂದು ನಾ ಇನ್ನೂ ಮರ್ತಿಲ್ರಿ.”

ಇಂಜೆಕ್ಷನ್ ಕೊಟ್ಟಾಗ ಉಸಿರು ನಿಧಾನವಾಗಿದ್ದ ಆ ಹಳೆಯ ಮಗುವನ್ನು ಎತ್ತಿಕೊಂಡು ಓಡಿದವರು ಅವರೇ ಎಂದು ನನಗೆ ಗೊತ್ತಾದದ್ದು ಆಗ.

“ನಾ ಮನೀಗೆ ಹೋಗೂದಿಲ್ರಿ,” ಅಂದೆ. “ಕೊಳವಿ ತಗ್ಯೂತನಕ ನಿಮ್ಮ ವಾರ್ಡಿನ್ಯಾಗ ಇರ್ತೀನಿ.”

“ಖರೇನ?”

“ಖರೇರಿ.”

ಸಿಸ್ಟರ್ ಮೇಜಿನ ಹತ್ತಿರ ಹೋಗಿ ಕೂತರು. ಒಂದು ನೋಟ್‌ಬುಕ್ ತೆಗೆದು ಅಡಿಕೋಲಿನಿಂದ ಗೆರೆ ಎಳೆದರು. ಉಸಿರು, ನಾಡಿ, ಕಾಲು ಎಂದು ತಲೆಬರಹ ಬರೆದು, ನಾಲ್ಕನೆಯ ಕಾಲಂನಲ್ಲಿ ಏನು ಬರೆಯಬೇಕೆಂದು ಯೋಚಿಸಿ, ‘ಅಳು’ ಎಂದು ಬರೆದರು. ಹದಿನೈದು ನಿಮಿಷಕ್ಕೊಮ್ಮೆ ನೋಡಿ ತುಂಬಬೇಕು ಅಂದರು. ನಾನು ಕೇಳುವ ಮೊದಲೇ ಅವರು ಹೇಳಿದ್ದು ಅದು.

ಆಮೇಲೆ ತಂದೆ. ವಾರ್ಡಿನ ಹೊರಗೆ ಗೋಡೆಗೆ ಒರಗಿ ನಿಂತಿದ್ದ. ನಾನು ಕನ್ನಡದಲ್ಲಿ ಮಾತಾಡಿದ್ದಕ್ಕೆ ಒಂದು ಕ್ಷಣ ನಂಬಲಾಗದೆ ನೋಡಿದ.

“ಬೆನ್ನಾಗ ಸೂಜಿ ಹಾಕಿದ್ರ ಕಾಲ ಹೋಗ್ತಾವ ಅಂತಾರಲ್ರಿ ಬಾಯಾರ? ನಮ್ಮ ಓಣ್ಯಾಗ ಎಲ್ಲಾರೂ ಅದನ್ನ ಹೇಳಾಕತ್ತಾರ.”

“ಯಾರ್ದರೆ ಕಾಲು ಹೋಗಿದ್ದು ನೋಡೀರೇನು?”

“ಇಲ್ರಿ. ಅಂತಾರ.”

ಅವನಿಗೆ ಹೇಗೆ ತಿಳಿಸಲಿ ಎಂದು ಯೋಚಿಸಿದೆ. ಯಾರ್ಡಿಗೆ ಬರುವ ಲಾರಿಗಳು ಊರ ಬಾಯಲ್ಲಿ ಜಕಾತಿ ನಾಕಾದಲ್ಲಿ ಸುಂಕ ಕಟ್ಟಲು ನಿಲ್ಲುತ್ತವಲ್ಲ, ಹೊಟ್ಟೆಯ ನೋವೂ ತಲೆಗೆ ಹೋಗಬೇಕಾದರೆ ಬೆನ್ನಿನ ನಾಕಾ ದಾಟಿಯೇ ಹೋಗಬೇಕು, ಎರಡು ದಿನ ನಾವು ಆ ಗೇಟು ಇಳಿಸಿರುತ್ತೇವೆ ಎಂದೆ. ಕಾಲು ಕೆಲವು ತಾಸು ಜಡವಾಗಬಹುದು, ತಿರುಗಿ ಬರುತ್ತದೆ. ಎಲ್ಲೋ ಒಬ್ಬರಿಗೆ ಕೇಡಾಗುವುದೇ ಇಲ್ಲ ಎಂದು ಹೇಳಲಾರೆ, ಆದರೆ ನಾನು ಪಕ್ಕದಲ್ಲೇ ಇರುತ್ತೇನೆ.

ಅವನು ಕೇಳಿದ. “ಗೇಟ ತಿರುಗಿ ತಗೀತೀರಲ್ರಿ?”

“ತಗೀತೀನ್ರಿ.”

“ಹಂಗಾರ ಹಾಕ್ರಿ.”

ಹುಡುಗಿ ನಿದ್ದೆ ಹೋದ ಮೇಲೆ ಮಗ್ಗುಲಾಗಿಸಿದೆ. ಬೆನ್ನ ಮೇಲೆ ಎಲುಬುಗಳು ಪೋಣಿಸಿದ ಮಣಿಗಳಂತೆ ಎಣಿಕೆಗೆ ಸಿಗುತ್ತಿದ್ದವು. ಸೂಜಿ ಸರಿಯುವಾಗ ಬೆರಳಿಗೆ ಮೊದಲು ಬಿಗಿ ಸಿಗುತ್ತದೆ, ಆಮೇಲೆ ತಟ್ಟನೆ ಸಡಿಲ. ದೊಡ್ಡವರಲ್ಲಿ ಆ ಸಡಿಲ ಜೋರಾಗಿ ತಿಳಿಯುತ್ತದೆ. ಇವಳಲ್ಲಿ ಅದೊಂದು ಪಿಸುಮಾತಿನಷ್ಟು. ಸಿಕ್ಕಿತು. ಕೊಳವೆ ಸಲೀಸಾಗಿ ಇಳಿಯಿತು. ತಲೆಯೆತ್ತಿ ನೋಡಿದರೆ ಹನ್ನೆರಡು ನಿಮಿಷವಾಗಿತ್ತು. ಸರ್ಜನ್ ಕೈಕಟ್ಟಿ ನಿಂತಿದ್ದರು. ಗಡಿಯಾರದ ಮಾತು ಆಡಲಿಲ್ಲ.

ಗಡ್ಡೆ ಇಡಿಯಾಗಿ ಬಂತು. ಮಧ್ಯಾಹ್ನದ ಹೊತ್ತಿಗೆ ಹುಡುಗಿ ವಾರ್ಡಿನಲ್ಲಿ ಕಣ್ಣು ಬಿಟ್ಟಳು. ಅಳಲಿಲ್ಲ. ಅಜ್ಜಿಯನ್ನು ನೋಡಿದಳು, ಸಪಾಟಾದ ಹೊಟ್ಟೆಯ ಮೇಲೆ ಕೈಯಾಡಿಸಿ, “ಹೊಟ್ಟಿ ಎಲ್ಲಿ ಹೋತು?” ಅಂದಳು. ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕಳು.

ಎರಡು ತಾಸಿನ ಮೇಲೆ ತಂದೆ ಕಂಡುಹಿಡಿದ. ಹುಡುಗಿ ಕಾಲು ಎತ್ತುತ್ತಿಲ್ಲ. ಅಂಗಾಲಿಗೆ ಕಚಗುಳಿ ಇಟ್ಟ. ಅವಳು ಸುಮ್ಮನೆ ನೋಡುತ್ತಿದ್ದಳು, ಅದು ಬೇರೆ ಯಾರದೋ ಕಾಲು ಅನ್ನುವಂತೆ. ಅವನು ನನ್ನ ಕಡೆ ತಿರುಗಿದ. ಬಯ್ಗುಳವಿಲ್ಲ, ಕೂಗಾಟವಿಲ್ಲ, ಕಣ್ಣಲ್ಲಿ ಮಾತ್ರ ಒಂದು ಪ್ರಶ್ನೆ. ಅದನ್ನು ತಾಳಿಕೊಳ್ಳುವುದು ಕಷ್ಟವಾಯಿತು.

ನನಗೆ ಪುಸ್ತಕ ಗೊತ್ತಿತ್ತು. ಮೊದಲ ಪ್ರಮಾಣ ಸ್ವಲ್ಪ ಹೆಚ್ಚಾಗಿದೆ, ಇಳಿಸಿದರೆ ಕಾಲು ಬರುತ್ತದೆ. ಆದರೆ ಗೊತ್ತಿರುವುದಕ್ಕೂ ಹೆದರಿಕೆಗೂ ಸಂಬಂಧವಿರುವುದಿಲ್ಲ. ಕೊಳವೆಯ ಔಷಧಿ ನಿಲ್ಲಿಸಿದೆ. ಸಿಸ್ಟರ್ ಸ್ಟೂಲು ತಂದು ಮಂಚದ ಕಾಲಬದಿಗೆ ಕೂತರು. ಹದಿನೈದು ನಿಮಿಷಕ್ಕೊಮ್ಮೆ ಅವರ ಪೆನ್ನು ಓಡುತ್ತಿತ್ತು. ಉಸಿರು ಸರಿ, ನಾಡಿ ಸರಿ, ಕಾಲು ಇಲ್ಲ, ಅಳು ಇಲ್ಲ. ಮತ್ತೆ ಕಾಲು ಇಲ್ಲ, ಅಳು ಇಲ್ಲ.

ಒಂದೂವರೆ ತಾಸಿನ ಮೇಲೆ ಸಿಸ್ಟರ್, “ಡಾಕ್ಟರ, ಇಲ್ಲಿ ನೋಡ್ರಿ,” ಅಂದರು. ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ಆಮೇಲೆ ಐದೂ ಬೆರಳು. ಇನ್ನೊಂದು ಅರ್ಧ ತಾಸಿಗೆ ಎಡಗಾಲು. ಕಡೆಗೆ ಹುಡುಗಿ ಬಲಗಾಲು ಮಡಿಚಿ, ಹೊದಿಕೆಯನ್ನೂ ಸಿಸ್ಟರ ಪೆನ್ನನ್ನೂ ಒದ್ದು ಕೆಳಗೆ ಬೀಳಿಸಿದಳು. ಸಿಸ್ಟರ್ ಪೆನ್ನು ಎತ್ತಿಕೊಂಡು ಕಾಲಂನಲ್ಲಿ ದೊಡ್ಡದಾಗಿ ‘ಒದ್ದಳು’ ಎಂದು ಬರೆದರು.

ಆಮೇಲಿನ ಪ್ರಮಾಣ ನಾನು ಇಳಿಸಿದೆ. ನೋವೂ ಇಲ್ಲ, ಕಾಲೂ ಇದೆ, ಅಂಥ ಒಂದು ಹದ ಸಿಕ್ಕಿತು. ಅಡುಗೆಯಲ್ಲಿ ಉಪ್ಪಿನ ಹದ ಸಿಕ್ಕ ಹಾಗೆ, ಒಮ್ಮೆ ಸಿಕ್ಕರೆ ಕೈ ಮರೆಯುವುದಿಲ್ಲ. ಮರುದಿನ ಹುಡುಗಿ ಎದ್ದು ಕೂತು ಕೆಮ್ಮಿದಳು. ಹೊಟ್ಟೆ ಕೊಯ್ದ ಮಕ್ಕಳು ಕೆಮ್ಮುವುದೇ ಇಲ್ಲ, ಕಫ ಕಟ್ಟಿ ಜ್ವರ ಬರಿಸಿಕೊಳ್ಳುತ್ತಾರೆ. ಇವಳು ಹೊಟ್ಟೆಗೆ ಕೈ ಒತ್ತಿಕೊಳ್ಳದೆ ಖೊಕ್ ಖೊಕ್ ಎಂದು ಕೆಮ್ಮಿದಳು. ರೌಂಡ್ಸಿಗೆ ಬಂದಿದ್ದ ಸರ್ಜನ್ ನಿಂತು, “ಇನ್ನೊಂದು ಸಲ ಕೆಮ್ಮು ನೋಡೋಣ,” ಎಂದು ಮರಾಠಿಯಲ್ಲಿ ಕೇಳಿದರು. ಭಾಷೆ ತಿಳಿಯದೆ ಅವಳು ಅಜ್ಜಿಯ ಮುಖ ನೋಡಿದಳು. ಸರ್ಜನ್ ತಾವೇ ಕೆಮ್ಮಿ ತೋರಿಸಿದರು. ಅವಳೂ ಕೆಮ್ಮಿದಳು. ಆ ಗಂಭೀರ ಮನುಷ್ಯನೂ ಆ ಹುಡುಗಿಯೂ ಎದುರುಬದುರು ಕೆಮ್ಮುವುದನ್ನು ಇಡೀ ವಾರ್ಡು ನೋಡಿತು.

ಮೂರನೆಯ ದಿನ ಕೊಳವೆ ತೆಗೆದೆ. ಅವಳು ಅಜ್ಜಿಯ ಕೈಹಿಡಿದು ಬಾಗಿಲವರೆಗೆ ನಡೆದಳು. ತಂದೆ ಮಗಳ ಹಿಂದೆ ಎರಡು ಹೆಜ್ಜೆ ಬಿಟ್ಟು, ಬಿದ್ದರೆ ಹಿಡಿಯಲು ಎರಡೂ ಕೈ ಚಾಚಿಕೊಂಡು ನಡೆಯುತ್ತಿದ್ದ.

ಅಲ್ಲಿಂದ ಮುಂದೆ ಸಿಸ್ಟರ ನೋಟ್‌ಬುಕ್ಕುಗಳು ಒಂದರ ಮೇಲೊಂದು ಬೆಳೆದವು. ಹೊಸ ನರ್ಸ್‌ಗಳಿಗೆ ಅವರೇ ಪಾಠ ಮಾಡತೊಡಗಿದರು. ‘ಕಾಲು ನೋಡು, ಉಸಿರು ನೋಡು, ಮುಖ ನೋಡು. ಕೂಸು ಸುಮ್ಮನಿದೆ ಎಂದು ನೀನು ಸುಮ್ಮನಿರಬೇಡ.’ ಹಿಂದೆ ಅಳದ ಕೂಸಿಗೆ ಹೆದರುತ್ತಿದ್ದವರು ಈಗ ಯಾವುದಾದರೂ ಮಗು ಅತ್ತರೆ ನನಗೆ ಹೇಳಿಕಳಿಸುತ್ತಿದ್ದರು. “ಮೂರನೇ ಹಾಸಿಗಿ ಅಳಾಕತ್ತದ. ಯಾಕಂತ ಬಂದು ನೋಡ್ರಿ.”

ಇನ್ನೊಂದು ಸಂಗತಿ ಅವರ ಬಾಯಿಂದಲೇ ಕೇಳಿದ್ದು. ಧಾರವಾಡದಲ್ಲಿ ನನ್ನ ತಂದೆಗೆ ಹುಷಾರಿಲ್ಲವೆಂದು ಒಂದು ವಾರ ರಜೆ ಹಾಕಿದ್ದೆ. ನನ್ನ ಬದಲಿಗೆ ಹೊರಗಿನಿಂದ ಅರಿವಳಿಕೆಯ ಡಾಕ್ಟರೊಬ್ಬರು ಬಂದರು. ಮಗು ನಿದ್ದೆ ಹೋಯಿತು, ಶುರುಮಾಡಬಹುದು ಎಂದರಂತೆ. ಸರ್ಜನ್ ಚಾಕು ಎತ್ತಿಕೊಳ್ಳಲಿಲ್ಲ. ಬೆನ್ನಿನ ಸೂಜಿ ಆಯಿತೇ ಎಂದು ಕೇಳಿದರಂತೆ. ಅದು ಇಲ್ಲದೆಯೂ ಮಾಡಬಹುದಲ್ಲ ಸರ್ ಎಂದರು ಬಂದವರು.

“ಇಲ್ಲಿ ಮಾಡುವುದಿಲ್ಲ,” ಅಂದರಂತೆ ಸರ್ಜನ್. ಕೈಕಟ್ಟಿ ನಿಂತೇ ಇದ್ದರಂತೆ, ಅವರು ಸೂಜಿ ಹಾಕುವವರೆಗೆ. ಗಡಿಯಾರದ ಕಡೆ ತಿರುಗಿಯೂ ನೋಡಲಿಲ್ಲವಂತೆ.

ಇದನ್ನು ಸಿಸ್ಟರ್ ಹೇಳಿದಾಗ ನಾವಿಬ್ಬರೂ ಕ್ಯಾಂಟೀನಿನಲ್ಲಿ ಪೋಹೆ ತಿನ್ನುತ್ತಿದ್ದೆವು. ಸರ್ಜನ್ ನನ್ನೆದುರು ಒಂದು ದಿನವೂ ಶಾಬಾಸ್ ಎಂದವರಲ್ಲ. ನಿವೃತ್ತರಾಗುವವರೆಗೂ ಅನ್ನಲಿಲ್ಲ. ಬೇಕಾಗಿಯೂ ಇರಲಿಲ್ಲ.

ಎರಡು ಸಾವಿರದ ದಶಕದಲ್ಲಿ ವಿದ್ಯೆಯೇ ಬದಲಾಯಿತು. ಅದುವರೆಗೆ ನಮ್ಮದು ಕುರುಡು ಬೆರಳಿನ ಕೆಲಸ, ಬಿಗಿ, ಸಡಿಲ, ಅಂದಾಜು. ಈಗ ಸೋನೋಗ್ರಫಿ ಯಂತ್ರದಲ್ಲಿ ನರದ ದಾರಿಯನ್ನು ಕಣ್ಣಾರೆ ನೋಡಿಕೊಂಡು ಸೂಜಿ ಹಾಕಬಹುದು. ಬೆನ್ನಿಗೆ ಹೋಗುವುದೂ ಬೇಡ, ಹೊಟ್ಟೆಯ ಪಕ್ಕದಲ್ಲೇ ಸ್ನಾಯುಗಳ ನಡುವೆ ಔಷಧಿ ಬಿಟ್ಟರೆ ಆ ಭಾಗದ ಹೊರಪದರವಷ್ಟೇ ಮರಗಟ್ಟುತ್ತದೆ, ಕಾಲು ತನ್ನ ಪಾಡಿಗಿರುತ್ತದೆ. ಓದಿದಾಗ ಬಹಳ ಖುಷಿಯಾಯಿತು, ಕೈಗೆ ಯಂತ್ರ ಬಂದಾಗ ಏನೂ ತಿಳಿಯಲಿಲ್ಲ. ಪರದೆಯ ಮೇಲೆ ಬರೀ ಬೂದಿ ಬಣ್ಣದ ಮೋಡ. ಬೆರಳನ್ನು ನಂಬಿ ಬದುಕಿದವಳು ನಲವತ್ತು ದಾಟಿದ ಮೇಲೆ ಕಣ್ಣನ್ನು ನಂಬಲು ಕಲಿಯಬೇಕಾಯಿತು. ಎಡಗೈಯಲ್ಲಿ ಯಂತ್ರದ ಹಿಡಿ, ಬಲಗೈಯಲ್ಲಿ ಸೂಜಿ, ಕಣ್ಣು ಪರದೆಯ ಮೇಲೆ. ಮೂರೂ ಒಂದಾಗುವುದು ಸುಲಭವಲ್ಲ. ಡೈರಿಯಿಂದ ಪನೀರಿನ ದೊಡ್ಡ ಗಟ್ಟಿ ತಂದು, ಅದರೊಳಗೆ ಪೆನ್ನಿನ ರೀಫಿಲ್ ತೂರಿಸಿ, ಮಧ್ಯಾಹ್ನ ಯಂತ್ರ ಖಾಲಿಯಿದ್ದಾಗ ಸೂಜಿಯಿಂದ ಅದನ್ನು ಮುಟ್ಟುವ ಅಭ್ಯಾಸ ಮಾಡಿದೆ. ಎಷ್ಟು ಪನೀರು ಹಾಳು ಮಾಡಿದೆನೋ. ಸೋನೋಗ್ರಫಿಯ ಡಾಕ್ಟರು ನೋಡಿ ನಗುತ್ತಿದ್ದರು. ಮೂರು ತಿಂಗಳ ಮೇಲೆ ನಗುವುದು ಬಿಟ್ಟು, ಪಕ್ಕದಲ್ಲಿ ನಿಂತು ಹೇಳಿಕೊಟ್ಟರು.

ಆ ಹೊತ್ತಿಗೆ ಪುಣೆಯ ಅಂಚಿನ ಹಿಂಜವಾಡಿಯ ಸಾಫ್ಟ್‌ವೇರ್ ಕಂಪನಿಗಳಿಗೆ ಬೆಂಗಳೂರಿನ ಜನ ಬರತೊಡಗಿದ್ದರು. ಅಂಥ ಒಂದು ಮನೆಯ ಒಂಬತ್ತು ವರ್ಷದ ಹುಡುಗಿ. ಅಪೆಂಡಿಕ್ಸ್ ಕೀವಾಗಿ, ಔಷಧಿಯಿಂದ ತಣ್ಣಗಾಗಿ, ಈಗ ತೆಗೆಸಲು ಬಂದಿದ್ದಳು. ಒಳಗೆ ಅಂಟಿಕೊಂಡಿರಬಹುದೆಂದು ಹೊಸ ಸರ್ಜನ್ ಹೊಟ್ಟೆ ತೆರೆದೇ ಮಾಡಲು ನಿಶ್ಚಯಿಸಿದ್ದರು. ತಂದೆ ಇಂಟರ್ನೆಟ್ಟಿನಿಂದ ತೆಗೆದ ಕಾಗದಗಳ ಕಟ್ಟು ಹಿಡಿದು ಬಂದ. ಅಲ್ಲಲ್ಲಿ ಹಳದಿ ಗೆರೆ ಎಳೆದಿದ್ದ.

“ಮೇಡಂ, ಡೌಟ್ ಪಡ್ತಿದೀನಿ ಅಂತ ಅಂದ್ಕೋಬೇಡಿ,” ಅಂದ. “ಈ ಮೆಶಿನ್ ಇಟ್ಕೊಂಡು ಮಕ್ಕಳಿಗೆ ನೀವು ಎಷ್ಟು ಮಾಡಿದೀರಾ?”

“ಹನ್ನೊಂದು,” ಅಂದೆ. “ನಿಮ್ಮ ಮಗಳು ಹನ್ನೆರಡನೇದಾಕಿ.”

ಅವನ ಹೆಂಡತಿ ಅವನ ತೋಳು ಹಿಡಿದಳು. ಅವನು ಕಾಗದ ನೋಡಿದ, ನನ್ನನ್ನು ನೋಡಿದ. “ಮೆಶಿನ್ ಇಲ್ದೆ?”

“ಲೆಕ್ಕ ಇಟ್ಟಿಲ್ರಿ. ಹನ್ನೆರಡು ವರ್ಷದ ಮ್ಯಾಲಾತು, ವಾರಕ್ಕ ಎರಡು ದಿನ. ಸರಿಯಾಗಿ ಕಾಣಸ್ಲಿಲ್ಲಂದ್ರ ನಾ ಸೂಜಿ ಹಾಕೂದಿಲ್ಲ. ಬ್ಯಾರೆ ರೀತಿ ನೋವು ಕಡಿಮಿ ಮಾಡ್ತೀನಿ. ಅಷ್ಟು ಮಾತು ಕೊಡ್ತೀನಿ.”

“ಓಕೆ ಮೇಡಂ,” ಅಂದ ಅವನು. ಕಾಗದದ ಕಟ್ಟನ್ನು ಬ್ಯಾಗಿನೊಳಗೆ ಇಟ್ಟ.

ಮಗು ನಿದ್ದೆ ಹೋದ ಮೇಲೆ ಯಂತ್ರದ ಹಿಡಿಯನ್ನು ಹೊಟ್ಟೆಯ ಬಲಪಕ್ಕಕ್ಕೆ ಇಟ್ಟೆ. ಮೂರು ಸ್ನಾಯುಗಳು ಒಂದರ ಮೇಲೊಂದು, ಚಿರೋಟಿಯ ಪದರಗಳ ಹಾಗೆ ಕಂಡವು. ಸೂಜಿ ಬೆಳ್ಳಗಿನ ಗೆರೆಯಾಗಿ ಪರದೆಯೊಳಗೆ ಬಂತು. ಒಂದು ಪದರ, ಎರಡನೆಯ ಪದರ. ಔಷಧಿ ಬಿಟ್ಟೆ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಕಪ್ಪನೆಯ ಜಾಗವೊಂದು ಮೆಲ್ಲಗೆ ತೆರೆದುಕೊಂಡು ಹರಡಿತು. ಇಷ್ಟು ವರ್ಷ ಕಾಣದೆಯೇ ಮಾಡುತ್ತ ಬಂದದ್ದನ್ನು ಕಣ್ಣಿನಿಂದ ನೋಡಿದ ಹಾಗಾಯಿತು. ನನ್ನ ಕೈಕೆಳಗೆ ಕಲಿಯುತ್ತಿದ್ದ ಡಾಕ್ಟರ್ ಹುಡುಗಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. “ನೋಡಿಕೋ, ಮುಂದಿನ ತಿಂಗಳು ನೀನೇ ಮಾಡಬೇಕು,” ಎಂದೆ ಮರಾಠಿಯಲ್ಲಿ. ಮುಂದಿನ ತಿಂಗಳು ಅವಳು ಮಾಡಿದಳು. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಈಗ ಅವಳ ಕೈ ನನ್ನದಕ್ಕಿಂತ ಚೆನ್ನಾಗಿದೆ.

ಅಪೆಂಡಿಕ್ಸ್ ತೆಗೆದ ಆ ಸಂಜೆ ವಾರ್ಡಿಗೆ ಹೋದೆ. ಮೂಲೆಯ ಟಿವಿಯಲ್ಲಿ ಕಾರ್ಟೂನು ನಡೆದಿತ್ತು. ಹಿಂಜವಾಡಿಯ ಹುಡುಗಿ ದಿಂಬಿಗೆ ಒರಗಿ ಕೂತಿದ್ದಳು. ಟಿವಿಯಲ್ಲಿ ಬೆಕ್ಕೊಂದು ಕಾಲುಜಾರಿ ನೀರಿನ ತೊಟ್ಟಿಗೆ ಬಿದ್ದದ್ದೇ ತಡ, ಅವಳು ಜೋರಾಗಿ ನಕ್ಕಳು. ಹೊಟ್ಟೆ ಕೊಯ್ದ ದಿನವೇ, ಹೊಟ್ಟೆಗೆ ಕೈ ಒತ್ತಿಕೊಳ್ಳದೆ, ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಅವಳ ತಾಯಿ, “ಮೆಲ್ಲಗೆ ನಗೇ, ಸ್ಟಿಚ್ ಹಾಕಿದಾರೆ,” ಎಂದು ಗದರಿದಳು. ಪಕ್ಕದ ಹಾಸಿಗೆಯ ಮರಾಠಿ ಹುಡುಗನೂ ನಗುತ್ತಿದ್ದ, ಅವನಿಗೂ ಆವತ್ತೇ ಹರ್ನಿಯಾ ಆಪರೇಷನ್ ಆಗಿತ್ತು. ಸಿಸ್ಟರ್ ಮೇಜಿನ ಹತ್ತಿರ ಕೂತು ಕನ್ನಡಕ ಏರಿಸಿಕೊಂಡು ನೋಟ್‌ಬುಕ್ ತುಂಬುತ್ತಿದ್ದರು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, “ಬರ್ರಿ ಡಾಕ್ಟರ, ಚಾ ತರಸ್ಲಿ?” ಅಂದರು. ನಾನು ಒಳಗೆ ಹೋಗಿ ಅವರ ಪಕ್ಕ ಸ್ಟೂಲಿನ ಮೇಲೆ ಕೂತೆ. ಕಾರ್ಟೂನು ಮುಗಿಯುವವರೆಗೂ ಕೂತಿದ್ದೆ.